ಸೈನ್ಯದಿಂದ ವಿಧಾನಸಭೆಗೆ: ಬೆಂಗಳೂರಿನ ಹೊರವಲಯದಲ್ಲಿ ಮಾಜಿ ಯೋಧರ ದಾರಿ

ಕಳೆದ ಅಮಾವಾಸ್ಯೆಯ ಪೂಜೆ, ಪ್ರಸಾದ ಮುಗಿದು ಭಕ್ತರೆಲ್ಲ ಹೊರಟ ಮೇಲೆ ನಿವೃತ್ತ ಸುಬೇದಾರರೊಬ್ಬರು ಶ್ರೀಮಠದ ಕಚೇರಿಗೆ ಬಂದು ಕುಳಿತರು. ಬೈಲಹೊಂಗಲದ ಕಡೆಯವರು. ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಸೇವೆ ಮುಗಿಸಿ, ಈಗ ಪೀಣ್ಯ ಎರಡನೆಯ ಹಂತದ ಕಾರ್ಖಾನೆಯೊಂದರಲ್ಲಿ ಭದ್ರತಾ ಮೇಲ್ವಿಚಾರಕರಾಗಿದ್ದಾರೆ. ದಾಸರಹಳ್ಳಿಯಲ್ಲಿ ಬಾಡಿಗೆಯ ಮನೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ, ಮುಂದಿನ ಎಮ್ಮೆಲ್ಲೆ ಇಲೆಕ್ಷನ್ನಿಗೆ ನಾ ನಿಂದ್ರಬೇಕಂತ ಮಾಡೀನ್ರಿ. ಯಾವ ಪಾರ್ಟಿನೂ ಬ್ಯಾಡ. ಅಜ್ಜಾರ ಜೋಡಿ ಒಂದು ಫೋಟೋ ಕೊಡಸ್ರಿ, ಅಷ್ಟ ಸಾಕು" ಎಂದರು.

ಪೂಜ್ಯರು ವಿಶ್ರಾಂತಿಯಲ್ಲಿದ್ದರು. ಉತ್ತರ ಹೇಳುವ ಹೊಣೆ ನನ್ನ ಮೇಲೆ ಬಿತ್ತು. ಏನು ಹೇಳಬೇಕೆಂದು ತೋಚದೆ, "ಸುಬೇದಾರರೇ, ನಿಮ್ಮ ಓಟು ಯಾವ ಬೂತಿನಲ್ಲಿದೆ?" ಎಂದು ಕೇಳಿದೆ. "ಓಟು ಊರಾಗ ಐತ್ರಿ" ಎಂದರು. ಹೇಳಿದ ಮೇಲೆ ಅವರಿಗೇ ನಗೆ ಬಂದಿತು. ನಾಮಪತ್ರ ಸಲ್ಲಿಸಲು ಅದರಿಂದ ಅಡ್ಡಿಯಿಲ್ಲ. ರಾಜ್ಯದ ಯಾವುದೇ ವಿಧಾನಸಭಾ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು, ಇನ್ನೊಂದು ಸಾಮಾನ್ಯ ಕ್ಷೇತ್ರದಿಂದ ಸ್ಪರ್ಧಿಸಬಹುದೆಂದು ಪ್ರಜಾಪ್ರಾತಿನಿಧ್ಯ ಕಾಯಿದೆ ಹೇಳುತ್ತದೆ. ಆದರೆ ತಮ್ಮ ಮತವನ್ನು ತಾವೇ ಹಾಕಿಕೊಳ್ಳಲಾಗದ ಅಭ್ಯರ್ಥಿ ಅವರಾಗುತ್ತಿದ್ದರು. ಈ ಬರಹ ಹುಟ್ಟಿದ್ದು ಆ ಉತ್ತರದಿಂದ.

ಯೋಧರ ಬಗೆಗಿನ ಗೌರವ ನಮ್ಮ ಸಮಾಜಕ್ಕೆ ಯಾರೂ ಹೊಸದಾಗಿ ಕಲಿಸಬೇಕಾದದ್ದಲ್ಲ. 1824ರಲ್ಲಿ ಕಿತ್ತೂರಿನ ಕೋಟೆಯ ಮುಂದೆ ನಡೆದುದನ್ನು ಮನೆಮನೆಯಲ್ಲಿ ಹೇಳಿಕೊಂಡು ಬಂದವರು ನಾವು. ಬೆಳಗಾವಿಯ ರೆಜಿಮೆಂಟಲ್ ಕೇಂದ್ರಕ್ಕೆ, ವಿಜಾಪುರದ ಸೈನಿಕ ಶಾಲೆಗೆ ಮಕ್ಕಳನ್ನು ಕಳುಹಿಸಿದ ಕುಟುಂಬಗಳು ನಮ್ಮ ಭಕ್ತವೃಂದದಲ್ಲಿ ಎಷ್ಟೋ ಇವೆ. ಬಟ್ಟೆ ಒಗೆಯುವ ಕಾಯಕದ ಮಡಿವಾಳ ಮಾಚಿದೇವರು ಕಲ್ಯಾಣದ ವಿಪ್ಲವದಲ್ಲಿ ಖಡ್ಗ ಹಿಡಿದು, ಉಳವಿಯತ್ತ ಹೊರಟ ಶರಣರನ್ನೂ ವಚನದ ಕಟ್ಟುಗಳನ್ನೂ ಬೆನ್ನಟ್ಟಿ ಬಂದ ಪಡೆಯಿಂದ ಕಾಪಾಡಿದರೆಂಬ ಪರಂಪರೆಯ ಕಥೆಯನ್ನು ಪುರಾಣ ಪ್ರವಚನಗಳಲ್ಲಿ ಕೇಳಿದ್ದೇವೆ. ಆದ್ದರಿಂದ ಮಾಜಿ ಸೈನಿಕರೊಬ್ಬರು ಬಂದು ಮತ ಕೇಳಿದರೆ ನಮ್ಮ ಮನಸ್ಸು ಮೊದಲು ಕರಗುತ್ತದೆ. ಆ ಕರಗುವಿಕೆ ಮತಗಟ್ಟೆಯವರೆಗೆ ಏಕೆ ತಲುಪುವುದಿಲ್ಲ ಎಂಬುದೇ ಇಲ್ಲಿಯ ಪ್ರಶ್ನೆ.

ನಮ್ಮ ನಾಡಿನಲ್ಲಿ ಇದಕ್ಕೆ ಹಿರಿಯ ಸಾಕ್ಷಿಯೆಂದರೆ ಕೊಡಗಿನ ಕೆ. ಎಂ. ಕಾರ್ಯಪ್ಪನವರು. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾಗಿ ಅಧಿಕಾರ ವಹಿಸಿಕೊಂಡವರು. ಆ ದಿನವನ್ನೇ ದೇಶ ಇಂದಿಗೂ ಸೇನಾ ದಿನವೆಂದು ಆಚರಿಸುತ್ತದೆ. ಅಂಥವರು 1971ರಲ್ಲಿ ಮುಂಬಯಿಯಿಂದ ಪಕ್ಷೇತರರಾಗಿ ಲೋಕಸಭೆಗೆ ಸ್ಪರ್ಧಿಸಿ ಸೋತರು. ಶಿವಸೇನೆಯ ಬೆಂಬಲವಿದ್ದರೂ ಗೆಲುವು ಬರಲಿಲ್ಲ. 1986ರಲ್ಲಿ ಅದೇ ದೇಶ ಅವರಿಗೆ ಫೀಲ್ಡ್ ಮಾರ್ಷಲ್ ಪದವಿಯನ್ನು ನೀಡಿತು. ಮತದಾರನಿಗೆ ಅವರ ಮೇಲೆ ಗೌರವ ಇರಲಿಲ್ಲವೆಂದು ಇದರಿಂದ ಹೇಳಲಾಗದು. ತನ್ನ ಬೀದಿಯ ನಲ್ಲಿಗೂ ಈ ದಂಡನಾಯಕರಿಗೂ ಏನು ಸಂಬಂಧವೆಂದು ಆತ ಕೇಳಿರಬೇಕು.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ ಉದಾಹರಣೆ ಕ್ಯಾಪ್ಟನ್ ಜಿ. ಆರ್. ಗೋಪಿನಾಥರದು. ಇದನ್ನು ತುಸು ವಿವರವಾಗಿಯೇ ನೋಡಬೇಕು. ಹಳ್ಳಿಯ ಕ್ಷೇತ್ರವೂ ಬೆಂಗಳೂರಿನ ಕ್ಷೇತ್ರವೂ ಒಬ್ಬರೇ ಯೋಧರಿಗೆ ಕೊಟ್ಟ ಉತ್ತರಗಳು ಇಲ್ಲಿ ಒಟ್ಟಿಗೆ ಸಿಗುತ್ತವೆ. ಮೇಲುಕೋಟೆಯಲ್ಲಿ ಹುಟ್ಟಿ ಗೊರೂರಿನಲ್ಲಿ ಬೆಳೆದ ಶಾಲಾ ಮಾಸ್ತರರ ಮಗ. ವಿಜಾಪುರದ ಸೈನಿಕ ಶಾಲೆಯಲ್ಲಿ ಕಲಿತು ಸೇನೆಗೆ ಸೇರಿದರು, 1971ರ ಬಾಂಗ್ಲಾ ವಿಮೋಚನಾ ಯುದ್ಧದಲ್ಲಿ ಪಾಲ್ಗೊಂಡರು. ಮೂವತ್ತು ತುಂಬುವ ಮೊದಲೇ ಸೇನೆ ಬಿಟ್ಟು ಊರಿಗೆ ಮರಳಿದರು. ಗೊರೂರಿನ ಹೇಮಾವತಿ ಜಲಾಶಯದಲ್ಲಿ ಮುಳುಗಡೆಯಾದ ಕುಟುಂಬದ ಜಮೀನಿಗೆ ಪ್ರತಿಯಾಗಿ ಅರಸೀಕೆರೆ ತಾಲ್ಲೂಕಿನ ಜಾವಗಲ್ ಬಳಿ ದೊರೆತ ಬರಡು ನೆಲದಲ್ಲಿ ಡೇರೆ ಹಾಕಿಕೊಂಡು ಇದ್ದು ತೋಟ ಮಾಡಿದರು. ರಾಸಾಯನಿಕಗಳ ಹೊರೆಯಿಲ್ಲದ ರೇಷ್ಮೆ ಕೃಷಿಗಾಗಿ 1996ರಲ್ಲಿ ಅವರಿಗೆ ರೋಲೆಕ್ಸ್ ಪ್ರಶಸ್ತಿ ಬಂದಿತು.

ಹೀಗೆ ಮಣ್ಣಿನಲ್ಲಿ ದುಡಿದ, ಸುತ್ತಲಿನ ರೈತರ ಕಷ್ಟವನ್ನು ಕಂಡುಂಡ ಯೋಧರು 1994ರ ವಿಧಾನಸಭಾ ಚುನಾವಣೆಯಲ್ಲಿ ಹಾಸನ ಜಿಲ್ಲೆಯ ಗಂಡಸಿ ಕ್ಷೇತ್ರದಿಂದ ಭಾರತೀಯ ಜನತಾ ಪಕ್ಷದ ಅಭ್ಯರ್ಥಿಯಾಗಿ ನಿಂತರು, ಸೋತರು. ಆ ವರ್ಷ ರಾಜ್ಯದಲ್ಲಿ ಜನತಾದಳದ ಗಾಳಿ. 224ರಲ್ಲಿ 115 ಸ್ಥಾನ ಗೆದ್ದು ಹಾಸನ ಜಿಲ್ಲೆಯವರೇ ಆದ ಎಚ್. ಡಿ. ದೇವೇಗೌಡರು ಮುಖ್ಯಮಂತ್ರಿಗಳಾದರು. ಅವರ ತವರು ಜಿಲ್ಲೆಯಲ್ಲಿ ಆಗಿನ್ನೂ ಬೇರೂರದ ಪಕ್ಷವೊಂದರ ಅಭ್ಯರ್ಥಿ ಸೋತದ್ದು ಆಶ್ಚರ್ಯವಲ್ಲ. ಆ ಗಂಡಸಿ ಕ್ಷೇತ್ರವೇ 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಇಲ್ಲವಾಯಿತು.

ಹದಿನೈದು ವರ್ಷಗಳ ಬಳಿಕ ಅವರು ಮತ್ತೆ ಕಣಕ್ಕಿಳಿದರು. ಅಷ್ಟರಲ್ಲಿ ಸಾಮಾನ್ಯ ಜನರನ್ನು ವಿಮಾನ ಹತ್ತಿಸಿದ ಏರ್ ಡೆಕ್ಕನ್ ಸಂಸ್ಥಾಪಕರೆಂದು ದೇಶವೆಲ್ಲ ಅವರನ್ನು ಬಲ್ಲದು. 2008ರ ನವೆಂಬರಿನಲ್ಲಿ ಮುಂಬಯಿಯ ಮೇಲೆ ಭಯೋತ್ಪಾದಕರ ದಾಳಿಯಾಗಿ, ಓದಿದ ನಗರವಾಸಿಗಳಲ್ಲಿ ರಾಜಕಾರಣದ ಮೇಲೆ ಸಿಟ್ಟು ತುಂಬಿದ್ದ ಕಾಲವದು. ಮುಂಬಯಿಯಲ್ಲಿ ಬ್ಯಾಂಕಿನ ಅಧಿಕಾರಿ ಮೀರಾ ಸನ್ಯಾಲ್, ಗಾಂಧಿನಗರದಲ್ಲಿ ನೃತ್ಯಗಾರ್ತಿ ಮಲ್ಲಿಕಾ ಸಾರಾಭಾಯ್, ಬೆಂಗಳೂರು ದಕ್ಷಿಣದಲ್ಲಿ ಕ್ಯಾಪ್ಟನ್ ಗೋಪಿನಾಥ್: 2009ರಲ್ಲಿ ಮೂವರೂ ಪಕ್ಷೇತರರಾಗಿ ಲೋಕಸಭೆಗೆ ನಿಂತರು, ಮೂವರೂ ಸೋತರು. ಬೆಂಗಳೂರು ದಕ್ಷಿಣದಲ್ಲಿ ಪೈಪೋಟಿ ನಡೆದದ್ದು ಅನಂತಕುಮಾರ್ ಮತ್ತು ಕೃಷ್ಣ ಬೈರೇಗೌಡರ ನಡುವೆ. ಗೆಲುವಿನ ಅಂತರ ಸುಮಾರು 37 ಸಾವಿರ. ಗೋಪಿನಾಥರಿಗೆ ಠೇವಣಿಯೂ ಉಳಿಯಲಿಲ್ಲ. ಹೊಸೂರು ರಸ್ತೆಯ ಬೊಮ್ಮನಹಳ್ಳಿಯೂ ಆ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ ಎಂಬುದನ್ನು ನೆನಪಿಡಬೇಕು. ಅಂದರೆ ಐಟಿ ಕಂಪನಿಗಳಿಗೆ ನಿತ್ಯ ಹೋಗಿಬರುವ ಜನವಸತಿಯೂ ಅದರೊಳಗಿತ್ತು. 2014ರಲ್ಲಿ ಇದೇ ಕ್ಷೇತ್ರದಲ್ಲಿ ಇನ್ಫೋಸಿಸ್ ಖ್ಯಾತಿಯ ನಂದನ್ ನಿಲೇಕಣಿಯವರು, ಅದೂ ರಾಷ್ಟ್ರೀಯ ಪಕ್ಷವೊಂದರ ಅಭ್ಯರ್ಥಿಯಾಗಿ, ಎರಡು ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತರು. ಹೆಸರು ಮಾಡಿದವರನ್ನು ಜನ ನೋಡಲು ಬರುತ್ತಾರೆ. ನೋಡಿ ಮನೆಗೆ ಹೋಗುತ್ತಾರೆ.

ಗೋಪಿನಾಥರ ಎರಡು ಸೋಲುಗಳಲ್ಲಿ ನನಗೆ ಹೆಚ್ಚು ಯೋಚಿಸಬೇಕೆನಿಸುವುದು ಮೊದಲನೆಯದು. ಜಾವಗಲ್ಲಿನ ಬರಡು ನೆಲದಲ್ಲಿ ದುಡಿದವರಿಗೆ ತಳಮಟ್ಟದ ಪರಿಚಯ ಇರಲಿಲ್ಲವೆಂದು ಹೇಳಲು ಸಾಧ್ಯವೇ? ಇತ್ತು. ಆದರೆ ಪರಿಚಯವನ್ನು ಮತವಾಗಿ ಎಣಿಸಿಕೊಳ್ಳಬಲ್ಲ ವ್ಯವಸ್ಥೆ, ಅಂದರೆ ಬೂತಿಗೊಬ್ಬರಂತೆ ವರ್ಷವಿಡೀ ಕುಳಿತುಕೊಳ್ಳುವ ಮನುಷ್ಯರು, ಎದುರಾಳಿಯ ಬಳಿ ಹೆಚ್ಚಿದ್ದರು. ಇದನ್ನು ಒಪ್ಪಿಕೊಳ್ಳುವುದು ನಮ್ಮಂಥ ಆದರ್ಶ ಮಾತಾಡುವವರಿಗೆ ಕಷ್ಟ.

ಅಧಿಕಾರ ದೊರೆತ ಯೋಧರ ಕಥೆಯೂ ಸರಳವಲ್ಲ. ಮೇಜರ್ ಜನರಲ್ ಭುವನ್ ಚಂದ್ರ ಖಂಡೂರಿಯವರು ವಾಜಪೇಯಿಯವರ ಸಂಪುಟದಲ್ಲಿ ಹೆದ್ದಾರಿಗಳ ಸಚಿವರಾಗಿ ಹೆಸರು ಪಡೆದು, ಎರಡು ಬಾರಿ ಉತ್ತರಾಖಂಡದ ಮುಖ್ಯಮಂತ್ರಿಗಳಾದರು. ಅಲ್ಲಿ ಮನೆಗೊಬ್ಬರಂತೆ ಸೈನಿಕರು. 2012ರ ಚುನಾವಣೆಯನ್ನು ಅವರ ಪಕ್ಷ ಅವರ ಹೆಸರನ್ನೇ ಘೋಷಣೆಯಾಗಿಸಿಕೊಂಡು ಎದುರಿಸಿತು. ಫಲಿತಾಂಶ ಬಂದಾಗ ಕಾಂಗ್ರೆಸ್ಸಿಗೆ 32, ಬಿಜೆಪಿಗೆ 31; ಖಂಡೂರಿಯವರು ಸ್ವಂತ ಕ್ಷೇತ್ರವಾದ ಕೋಟದ್ವಾರದಲ್ಲಿಯೇ ಸೋತಿದ್ದರು. ನಮ್ಮ ರಾಜ್ಯದಲ್ಲಿ ಗೆದ್ದವರನ್ನು ನೋಡಿದರೆ, ಕ್ಯಾಪ್ಟನ್ ಗಣೇಶ್ ಕಾರ್ಣಿಕ್ ಅವರು ನೈರುತ್ಯ ಶಿಕ್ಷಕರ ಕ್ಷೇತ್ರದಿಂದ ವಿಧಾನ ಪರಿಷತ್ತಿಗೆ ಆಯ್ಕೆಯಾಗಿದ್ದರು. 2018ರಲ್ಲಿ ಅದೇ ಕ್ಷೇತ್ರದಲ್ಲಿ ಸೋತರು. ಗೂರ್ಖಾ ರೈಫಲ್ಸ್‌ನಲ್ಲಿದ್ದ ಕ್ಯಾಪ್ಟನ್ ಬ್ರಿಜೇಶ್ ಚೌಟ ಅವರು 2024ರಲ್ಲಿ ದಕ್ಷಿಣ ಕನ್ನಡದಿಂದ ಸುಮಾರು ಒಂದೂವರೆ ಲಕ್ಷ ಮತಗಳ ಅಂತರದಲ್ಲಿ ಲೋಕಸಭೆಗೆ ಗೆದ್ದರು. ಇಬ್ಬರೂ ಸೇನೆ ಬಿಟ್ಟ ಮೇಲೆ ಪಕ್ಷದ ಸಂಘಟನೆಯೊಳಗೆ ದುಡಿದವರು. ಪಕ್ಷ ಏಣಿಯಾಗಿತ್ತು, ಸೇನೆಯ ಹಿನ್ನೆಲೆ ಅದರ ಮೇಲೆ ಕಟ್ಟಿದ ಹಾರ.

ಈಗ ನಮ್ಮ ಸುಬೇದಾರರ ಕ್ಷೇತ್ರಕ್ಕೆ ಬರೋಣ. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಎಂಬ ಮೂರು ಹೆಸರುಗಳನ್ನು ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಹುಟ್ಟಿದ ಬಗೆ ಬೇರೆ ಬೇರೆ. ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ ಇಂಡಿಯನ್ನರ ವಸತಿಯಾಗಿ ಆರಂಭವಾಗಿ, ತೊಂಬತ್ತರ ದಶಕದ ಟೆಕ್ ಪಾರ್ಕಿನಿಂದ ಇಂದಿನ ರೂಪ ಪಡೆಯಿತು. ಎಲೆಕ್ಟ್ರಾನಿಕ್ ಸಿಟಿ ಎಪ್ಪತ್ತರ ದಶಕದ ಕೊನೆಯಲ್ಲಿ ಕಿಯೋನಿಕ್ಸ್‌ನ ಆರ್. ಕೆ. ಬಾಳಿಗರು ಕಂಡ ಕನಸು. ಪೀಣ್ಯ ಅದೇ ಕಾಲದ ಸಣ್ಣ ಕೈಗಾರಿಕೆಗಳ ನೆಲೆ. ಲೇತು, ಪ್ರೆಸ್ಸು, ಅಚ್ಚು, ಲೇಪನದ ಸಾವಿರಾರು ಷೆಡ್ಡುಗಳು. ಪಕ್ಕದಲ್ಲಿಯೇ ಜಾಲಹಳ್ಳಿಯ ವಾಯುಪಡೆ ನೆಲೆ. ನಿವೃತ್ತರಾದ ಮೇಲೆ ಆ ಸುತ್ತಿನಲ್ಲಿಯೇ ಮನೆ ಕಟ್ಟಿಕೊಂಡ ವಾಯುಪಡೆಯ ಕುಟುಂಬಗಳು ಬಹಳ.

ಮೂರು ಕಡೆಯೂ ಸಮಾನವಾದ ಒಂದು ಸಂಗತಿಯಿದೆ. ಕಾರ್ಖಾನೆಯ, ಕಂಪನಿಯ, ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಿಂತು ಗಾಡಿಯ ನಂಬರು ಬರೆದುಕೊಳ್ಳುವವರಲ್ಲಿ ಮಾಜಿ ಸೈನಿಕರು ಕಾಣಸಿಗುತ್ತಾರೆ. ಸಿಪಾಯಿಯಾಗಿ ಸೇರಿದವನು ನಲವತ್ತರ ಆಸುಪಾಸಿಗೆ ನಿವೃತ್ತನಾಗುತ್ತಾನೆ. ಮಕ್ಕಳ ಓದು ಆಗಷ್ಟೇ ಆರಂಭವಾಗಿರುತ್ತದೆ. ಪಿಂಚಣಿಯ ಜೊತೆಗೆ ಇನ್ನೊಂದು ಸಂಬಳ ಬೇಕು. ಟಿವಿಯ ಚರ್ಚೆಯಲ್ಲಿ ಕಾಣುವ ಮಾಜಿ ಯೋಧರು ಬಹುಪಾಲು ಅಧಿಕಾರಿಗಳು. ಹೊರವಲಯದ ಮತದಾರ ದಿನವೂ ಕಾಣುವ ಮಾಜಿ ಯೋಧ ಈ ಗೇಟಿನವನು. ಅವನಿಗೆ ಸೆಲ್ಯೂಟ್ ಕೊಟ್ಟು ಒಳಗೆ ಹೋಗುವವರಿಲ್ಲ. ಅವನೇ ಸೆಲ್ಯೂಟ್ ಕೊಡಬೇಕು. ಗಣರಾಜ್ಯೋತ್ಸವದಂದು ಸೈನಿಕರಿಗೆ ಜಯಕಾರ ಹಾಕುವ ನಮ್ಮ ಸಂಘಗಳು ಉಳಿದ ದಿನಗಳಲ್ಲಿ ಅವನ ಹೆಸರು ಕೇಳಿದ್ದುಂಟೇ? ಇದನ್ನು ನನಗೂ ಸೇರಿಸಿಯೇ ಕೇಳುತ್ತಿದ್ದೇನೆ. ಸುಬೇದಾರರು ಎಷ್ಟೋ ಅಮಾವಾಸ್ಯೆಗಳಿಂದ ಮಠಕ್ಕೆ ಬರುತ್ತಿದ್ದರೂ ಅವರ ರೆಜಿಮೆಂಟ್ ಯಾವುದೆಂದು ನಾನು ಕೇಳಿದ್ದು ಅಂದೇ.

ಇನ್ನು ಅವರಿಗೆ ಮತ ಹಾಕಬೇಕಾದವರು ಯಾರು? ಪೀಣ್ಯದ ಷೆಡ್ಡುಗಳಲ್ಲಿ ದುಡಿಯುವ ಕಲಬುರಗಿ, ರಾಯಚೂರು, ಕೊಪ್ಪಳ, ವಿಜಯಪುರದ ಹುಡುಗರ ಮತ ಅವರ ಊರಿನಲ್ಲಿದೆ. ಚುನಾವಣೆಯ ಹಿಂದಿನ ರಾತ್ರಿ ಮೆಜೆಸ್ಟಿಕ್ಕಿನಲ್ಲಿ, ಯಶವಂತಪುರದಲ್ಲಿ ಊರಿನ ಬಸ್ಸು ಹಿಡಿಯಲು ನಡೆಯುವ ನೂಕುನುಗ್ಗಲನ್ನು ನೋಡಿದವರಿಗೆ ಇದು ಗೊತ್ತು. ವೈಟ್‌ಫೀಲ್ಡಿನ ಎಂಜಿನಿಯರನ ಮತ ಹುಬ್ಬಳ್ಳಿಯಲ್ಲೋ ಇಂದೋರಿನಲ್ಲೋ ಇರುತ್ತದೆ. ಅವನು ಹೋಗುವುದೂ ಇಲ್ಲ, ಇಲ್ಲಿಗೆ ವರ್ಗಾಯಿಸಿಕೊಳ್ಳುವುದೂ ಇಲ್ಲ. 2023ರ ಮೇ 10ರಂದು ರಾಜ್ಯದಲ್ಲಿ ನೂರಕ್ಕೆ 73 ಮಂದಿ ಮತ ಹಾಕಿದರೆ ಬೆಂಗಳೂರು ನಗರದಲ್ಲಿ ಹಾಕಿದವರು ಅರ್ಧಕ್ಕಿಂತ ಸ್ವಲ್ಪ ಮೇಲಷ್ಟೇ. 2025ರ ಆಗಸ್ಟಿನಲ್ಲಿ ಮಹದೇವಪುರದ ಮತದಾರರ ಪಟ್ಟಿ ರಾಷ್ಟ್ರಮಟ್ಟದ ವಿವಾದಕ್ಕೆ ಗುರಿಯಾಯಿತು. ಆ ಆರೋಪ, ಪ್ರತ್ಯಾರೋಪಗಳ ತೀರ್ಮಾನ ನಮ್ಮ ಕೆಲಸವಲ್ಲ. ಆದರೆ ಬಾಡಿಗೆ ಮನೆ ಬದಲಿಸುತ್ತಲೇ ಇರುವ ಜನರ ಕ್ಷೇತ್ರದಲ್ಲಿ ಪಟ್ಟಿಯೇ ಮೊದಲ ರಣಭೂಮಿ ಎಂಬುದನ್ನು ಆ ವಿವಾದ ಎಲ್ಲರಿಗೂ ತಿಳಿಸಿತು.

ಸುಬೇದಾರರ ನಗೆ ನನ್ನನ್ನು ಕಾಡಿದ್ದು ಇಲ್ಲಿಯೇ. ಬದುಕು ಒಂದೆಡೆ, ಮತ ಇನ್ನೊಂದೆಡೆ: ಈ ಸ್ಥಿತಿಯನ್ನು ಸೈನಿಕನಷ್ಟು ಬಲ್ಲವರು ಯಾರಿದ್ದಾರೆ? ಎರಡು ಮೂರು ವರ್ಷಕ್ಕೊಮ್ಮೆ ಬದಲಾಗುವ ಠಾಣ್ಯ. ಊರಿನ ಪಟ್ಟಿಯಲ್ಲಿ ಸೇವಾ ಮತದಾರನೆಂಬ ಹೆಸರು. ಅಂಚೆ ಮತಪತ್ರ ಗುಡ್ಡ ಹತ್ತಿ ಬಂದು ಮತ್ತೆ ಇಳಿಯುವಷ್ಟರಲ್ಲಿ ಎಣಿಕೆಯೇ ಮುಗಿದಿರುತ್ತಿತ್ತೆಂದು ಹಿರಿಯ ಯೋಧರು ಹೇಳುವುದುಂಟು. 2016ರ ನಂತರ ಮತಪತ್ರವನ್ನು ವಿದ್ಯುನ್ಮಾನದಲ್ಲಿ ಕಳುಹಿಸುವ ಏರ್ಪಾಟು ಬಂದು ಸ್ವಲ್ಪ ಸುಧಾರಿಸಿದೆ. ಪೀಣ್ಯದ ಹುಡುಗನಿಗೆ ಆ ಏರ್ಪಾಟೂ ಇಲ್ಲ. ಹಾಗಾದರೆ ಮಾಜಿ ಸೈನಿಕನಿಗೆ ಈ ಹೊರವಲಯದಲ್ಲಿ ನಿಜವಾದ ಬೇರು ಎಲ್ಲಾದರೂ ಇದ್ದರೆ ಅದು ಪದಕದಲ್ಲಿಲ್ಲ, ಈ ಸಮಾನ ಸ್ಥಿತಿಯಲ್ಲಿದೆ. ವಲಸೆ ಬಂದವನಿಗೆ ಅವನು ನಾಯಕನಾಗಬಲ್ಲದ್ದು ತಾನೂ ವಲಸೆ ಬಂದವನೆಂಬ ಕಾರಣಕ್ಕೆ. ಗೋಪಿನಾಥರಿಗಾಗಲಿ ನಿಲೇಕಣಿಯವರಿಗಾಗಲಿ ಇದು ಇರಲಿಲ್ಲ. ಗೇಟಿನ ಸುಬೇದಾರರಿಗೆ ಇದೆ.

ಪಟ್ಟಿಯ ಕೆಲಸಕ್ಕೆ ದುಡ್ಡು ಬೇಕಿಲ್ಲ. ವಾಸಸ್ಥಳ ಬದಲಾದವರು ನಮೂನೆ 8ರಲ್ಲಿ, ಹೊಸದಾಗಿ ಹೆಸರು ಸೇರಿಸುವವರು ನಮೂನೆ 6ರಲ್ಲಿ ಅರ್ಜಿ ಕೊಡಬೇಕು. ಬಾಡಿಗೆ ಕರಾರಿನ ಪತ್ರ ಇಲ್ಲದ ಹುಡುಗನಿಗೆ ವಾಸದ ಪುರಾವೆ ಹೊಂದಿಸುವುದೇ ದೊಡ್ಡ ತಲೆನೋವು. ಮನೆಯ ಮಾಲೀಕರು ಒಪ್ಪುವುದಿಲ್ಲ, ಮತಗಟ್ಟೆ ಅಧಿಕಾರಿ ಬಂದಾಗ ಹುಡುಗ ಪಾಳಿಯಲ್ಲಿರುತ್ತಾನೆ. ಅವನ ಕೈ ಹಿಡಿದು ಇದನ್ನು ಮಾಡಿಸುವವರು ಬೇಕು. ಊರಿನ ಮತ ಬಿಡಲು ಅನೇಕರಿಗೆ ಮನಸ್ಸಿಲ್ಲ ಎಂಬುದೂ ನಿಜ. ಜಾತ್ರೆಗೆ ಹೋದಾಗ ಊರಿನವರು "ನಿಂದು ಓಟು ಇಲ್ಲಿಲ್ಲ" ಎಂದರೆ ಅವಮಾನವೆನಿಸುತ್ತದೆ. ಗ್ರಾಮ ಪಂಚಾಯಿತಿಗೆ ಅಣ್ಣನೋ ಮಾವನೋ ನಿಂತಿರುತ್ತಾರೆ. ಆದರೆ ಕುಡಿಯುವ ನೀರು, ರಸ್ತೆ, ಕಸ, ಮಕ್ಕಳ ಶಾಲೆ ಎಲ್ಲವೂ ಇಲ್ಲಿ. 2024ರ ಮಾರ್ಚಿನಲ್ಲಿ ಮಹದೇವಪುರದ ಕಡೆ ಕೊಳವೆಬಾವಿಗಳು ಬತ್ತಿ ಟ್ಯಾಂಕರಿನ ಮುಂದೆ ಸಾಲು ನಿಂತದ್ದನ್ನು ಮರೆಯುವಂತಿಲ್ಲ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ಕಾವೇರಿ ಐದನೆಯ ಹಂತದ ನೀರು ಹರಿದದ್ದು 2024ರ ಅಕ್ಟೋಬರಿನಲ್ಲಿ, ಹದಿನೇಳು ವರ್ಷ.

ಸುಬೇದಾರರಂಥವರು ವಿಧಾನಸಭೆಯ ಕನಸಿಗೆ ನೇರವಾಗಿ ಹಾರುವುದಕ್ಕೆ ಇನ್ನೊಂದು ಕಾರಣವೂ ಇದೆ. ಕೆಳಗಿನ ಮೆಟ್ಟಿಲೇ ಕಾಣೆಯಾಗಿತ್ತು. ಬಿಬಿಎಂಪಿಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಳ ಕಾಲ ಆಡಳಿತಾಧಿಕಾರಿಗಳೇ ನಗರವನ್ನು ನಡೆಸಿದರು. 2025ರ ಸೆಪ್ಟೆಂಬರಿನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾದವು. ಎಲೆಕ್ಟ್ರಾನಿಕ್ ಸಿಟಿಯ ಒಳಭಾಗವನ್ನಂತೂ 2013ರಿಂದ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರವೇ ನೋಡಿಕೊಳ್ಳುತ್ತದೆ. ಅಲ್ಲಿನ ರಸ್ತೆಗಳು ಅಚ್ಚುಕಟ್ಟು, ಒಪ್ಪುತ್ತೇನೆ; ಗೋಡೆಯಾಚೆಯ ದೊಡ್ಡತೋಗೂರಿನ ಗಲ್ಲಿಗಳಲ್ಲಿ ಬಾಡಿಗೆಗಿರುವ ಭದ್ರತಾ ಸಿಬ್ಬಂದಿಗೆ ಆ ಅಚ್ಚುಕಟ್ಟಿನಲ್ಲಿ ಪಾಲಿಲ್ಲ. ವಾರ್ಡಿನಲ್ಲಿ ಐದು ವರ್ಷ ಚರಂಡಿ, ಬೀದಿದೀಪಗಳ ಕೆಲಸ ಮಾಡಿ ಜನರ ನಂಬಿಕೆ ಗಳಿಸಿ ಮೇಲೇರುವ ದಾರಿ ಮುಚ್ಚಿದಾಗ, ಹಣವಿದ್ದವರು ಮತ್ತು ಹೆಸರಿದ್ದವರು ಮಾತ್ರ ಮೇಲಿನ ಅಟ್ಟಕ್ಕೆ ಏಣಿಯಿಲ್ಲದೆ ಹತ್ತಬಲ್ಲರು. ವಾರ್ಡಿನ ಬಾಗಿಲು ತೆರೆದಾಗ ಮೊದಲು ಅದರೊಳಗೆ ಹೋಗಿರೆಂದು ನಾನು ಸುಬೇದಾರರಿಗೆ ಹೇಳಿದೆ. "ಕಾರ್ಪೊರೇಟರ್ ಆಗೂದ್ರಿ?" ಎಂದು ತುಸು ಬೇಸರಪಟ್ಟರು.

ಮೀಸಲಾತಿಯ ಮಾತೂ ಬಂದಿತು. ವೈಟ್‌ಫೀಲ್ಡ್ ಸೇರಿರುವ ಮಹದೇವಪುರ, ಎಲೆಕ್ಟ್ರಾನಿಕ್ ಸಿಟಿಯ ಬಹುಭಾಗಕ್ಕೆ ಹತ್ತಿರದ ಆನೇಕಲ್, ಪೀಣ್ಯ ದಾಟಿದರೆ ಸಿಗುವ ನೆಲಮಂಗಲ, ಮೂರೂ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಸಾಮಾನ್ಯ ಕ್ಷೇತ್ರವಾದ ದಾಸರಹಳ್ಳಿಯಲ್ಲಿರುವುದರಿಂದ ಸುಬೇದಾರರಿಗೆ ತೊಡಕಿಲ್ಲ. ಆದರೆ "ನಮ್ಮವರಿಗೆ ಅವಕಾಶವೇ ಇಲ್ಲ" ಎಂದು ನಮ್ಮ ಸಭೆಗಳಲ್ಲಿ ಗೊಣಗುವವರಿದ್ದಾರೆ. ಮಾದಾರ ಚೆನ್ನಯ್ಯನವರನ್ನು, ಡೋಹರ ಕಕ್ಕಯ್ಯನವರನ್ನು ಅನುಭವ ಮಂಟಪದಲ್ಲಿ ಕೂರಿಸಿಕೊಂಡ ಪರಂಪರೆಯ ಬಾಯಲ್ಲಿ ಆ ಗೊಣಗು ಶೋಭಿಸುವುದಿಲ್ಲ. ಆ ಸಮುದಾಯಗಳಿಂದಲೂ ಸೇನೆಗೆ ಹೋಗಿ ಬಂದವರಿದ್ದಾರೆ. ಮಹದೇವಪುರದಲ್ಲಿಯೋ ಆನೇಕಲ್ಲಿನಲ್ಲಿಯೋ ಅವರಲ್ಲೊಬ್ಬರು ನಿಂತಾಗ ನಮ್ಮ ಯೋಧಾಭಿಮಾನ ಎಷ್ಟು ನಿಜವೆಂಬುದು ತಿಳಿದೀತು.

ಇನ್ನು ಆ ಫೋಟೋದ ವಿಚಾರ. ಅಭ್ಯರ್ಥಿಗಳು ಮಠಕ್ಕೆ ಬರುವುದು, ಪೂಜ್ಯರ ಪಾದಕ್ಕೆರಗುವುದು, ಹೊರಗೆ ಕಾದಿರುವ ಕ್ಯಾಮೆರಾಗೆ ಮುಖ ಕೊಡುವುದು ಎಲ್ಲ ಪಕ್ಷಗಳಲ್ಲೂ ರೂಢಿಯಾಗಿದೆ. ಆಶೀರ್ವಾದ ಬೇಡಿ ಬಂದವರನ್ನು ಯಾವ ಮಠವೂ ಹಿಂದೆ ಕಳುಹಿಸುವುದಿಲ್ಲ, ಕಳುಹಿಸಬಾರದು. ಆದರೆ ಭಕ್ತರು ಕೆಲವು ನಿಯಮಗಳನ್ನು ತಿಳಿದಿರಬೇಕು. ಧಾರ್ಮಿಕ ಸಂಸ್ಥೆಗಳ ದುರ್ಬಳಕೆ ತಡೆ ಕಾಯಿದೆ 1988ರಿಂದಲೂ ಜಾರಿಯಲ್ಲಿದೆ. ಧಾರ್ಮಿಕ ಸಂಸ್ಥೆಯ ಆವರಣವನ್ನು ರಾಜಕೀಯ ಪ್ರಚಾರಕ್ಕೆ ಬಳಸಕೂಡದು. ಬಳಸಿದರೆ ಹೊಣೆ ಸಂಸ್ಥೆಯನ್ನು ನಡೆಸುವವರದು, ಶಿಕ್ಷೆ ಐದು ವರ್ಷದ ಸೆರೆವಾಸದವರೆಗೆ ಇದೆ. ಧರ್ಮ, ಜಾತಿಯ ಹೆಸರಿನಲ್ಲಿ ಮತ ಕೇಳುವುದು ಚುನಾವಣಾ ಭ್ರಷ್ಟಾಚಾರವೆಂದು ಪ್ರಜಾಪ್ರಾತಿನಿಧ್ಯ ಕಾಯಿದೆಯ 123ನೆಯ ಕಲಮು ಹೇಳುತ್ತದೆ; ಅಭ್ಯರ್ಥಿಯ ಧರ್ಮವಷ್ಟೇ ಅಲ್ಲ, ಮತದಾರನ ಧರ್ಮವನ್ನು ಎತ್ತಿಕೊಂಡು ಕೇಳಿದರೂ ತಪ್ಪೇ ಎಂದು 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ತೀರ್ಪಿತ್ತಿತು. ಸೇನೆಯ ಚಿತ್ರಗಳಿಗೂ ನಿಯಮವಿದೆ. ಸೈನಿಕರ ಭಾವಚಿತ್ರಗಳನ್ನು ಪ್ರಚಾರದಲ್ಲಿ ಬಳಸಬಾರದೆಂದು ಚುನಾವಣಾ ಆಯೋಗ 2013ರಲ್ಲಿ ಸೂಚಿಸಿ, 2019ರ ಮಾರ್ಚಿನಲ್ಲಿ ಮತ್ತೆ ನೆನಪಿಸಿತು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಕಾನೂನಿನ ಮನಸ್ಸು ಅರ್ಥವಾಗುತ್ತದೆ. ಕಾವಿಯೂ ಸಮವಸ್ತ್ರವೂ ಜನರು ಪ್ರಶ್ನೆ ಕೇಳದೆ ತಲೆಬಾಗುವ ಬಟ್ಟೆಗಳು. ಮತ ಕೇಳಲು ಹೋದವನು ಪ್ರಶ್ನೆ ಕೇಳಿಸಿಕೊಳ್ಳಬೇಕು. ಸೇವೆಯಲ್ಲಿರುವ ಸೈನಿಕನಿಗೆ ಪಕ್ಷದ ಸದಸ್ಯತ್ವವೂ ರಾಜಕೀಯ ಸಭೆಯೂ ನಿಷಿದ್ಧ. ಆ ಶಿಸ್ತಿನಲ್ಲಿ ಇಪ್ಪತ್ತು ವರ್ಷ ಕಳೆದವರಿಗೆ ಬೀದಿಯ ಪ್ರಶ್ನೆಗಳು ಒಮ್ಮೊಮ್ಮೆ ಅವಿಧೇಯತೆಯಂತೆ ಕೇಳಿಸುತ್ತವೆ. ಅದನ್ನು ಕೇಳಿಸಿಕೊಳ್ಳುವ ಅಭ್ಯಾಸಕ್ಕೆ ವರ್ಷಗಳು ಬೇಕು. ಫೋಟೋ ಆ ವರ್ಷಗಳನ್ನು ಉಳಿಸಿಕೊಡುತ್ತದೆಂದು ಭಾವಿಸುವುದು ತಪ್ಪು. ಮಠವು ಆ ತಪ್ಪಿಗೆ ಸಾಧನವಾಗುವುದು ಇನ್ನೂ ದೊಡ್ಡ ತಪ್ಪು. ಬೇರೆ ಅಭ್ಯರ್ಥಿಗೆ ಮತ ಹಾಕುವ ಭಕ್ತರೂ ಇದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುತ್ತಾರೆ.

ಹಣದ ಮಾತು ಕೊನೆಗೆ ಬಂತು. ವಿಧಾನಸಭೆಗೆ ಸ್ಪರ್ಧಿಸುವವರ ವೆಚ್ಚದ ಮಿತಿ 2022ರಿಂದ 40 ಲಕ್ಷ ರೂಪಾಯಿ. ಠೇವಣಿ ಹತ್ತು ಸಾವಿರ. ಚಲಾವಣೆಯಾದ ಮತಗಳಲ್ಲಿ ಆರನೆಯ ಒಂದು ಭಾಗ ಬರದಿದ್ದರೆ ಅದೂ ಹೋಯಿತು. ಪಕ್ಷೇತರರಿಗೆ ಕ್ಷೇತ್ರದ ಹತ್ತು ಮತದಾರರು ಸೂಚಕರಾಗಿ ಸಹಿ ಹಾಕಬೇಕು. ಸುಬೇದಾರರು ನಿವೃತ್ತಿಯ ಗಂಟಿನಿಂದ ಸ್ವಲ್ಪ ತೆಗೆದು, ಉಳಿದದ್ದಕ್ಕೆ ಉದ್ಯಮಿಯೊಬ್ಬರು ಕೈ ಜೋಡಿಸುವುದಾಗಿ ಹೇಳಿದ್ದಾರೆಂದರು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬನ್ನಿರೆಂದು ಲಕ್ಕಮ್ಮನವರು ಗಂಡನನ್ನು ಮರಳಿ ಕಳುಹಿಸಿದ ಕಥೆಯನ್ನು ಅವರಿಗೆ ನೆನಪಿಸಿದೆ. "ನಮ್ಮ ಮನ್ಯಾಕಿನೂ ಹಂಗ ಅಂತಾಳ್ರಿ" ಎಂದರು.

ಮುಂದೆ ಇಂಥವರು ಹೆಚ್ಚಲಿದ್ದಾರೆ. 2022ರಲ್ಲಿ ಆರಂಭವಾದ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷಗಳ ಸೇವೆಯ ಬಳಿಕ ನಾಲ್ವರಲ್ಲಿ ಒಬ್ಬರನ್ನು ಉಳಿಸಿಕೊಂಡು ಮೂವರನ್ನು ಬೀಳ್ಕೊಡಲಾಗುತ್ತದೆ. ಪಿಂಚಣಿಯಿಲ್ಲ, ಒಮ್ಮೆ ಕೊಡುವ ಗಂಟು ಮಾತ್ರ. 2022ರ ಕೊನೆಗೆ ಸೇರಿದ ಮೊದಲ ತಂಡದ ಅವಧಿ 2026ರ ಕೊನೆಯ ಹೊತ್ತಿಗೆ ಮುಗಿಯುತ್ತದೆ. ಆ ಹುಡುಗರಲ್ಲಿ ಅನೇಕರಿಗೆ ವಿಧಾನಸಭೆಗೆ ನಿಲ್ಲಲು ಬೇಕಾದ 25 ವರ್ಷವೂ ಆಗಿರುವುದಿಲ್ಲ. ಅವರಲ್ಲಿ ಎಷ್ಟೋ ಮಂದಿ ಕೆಲಸ ಹುಡುಕಿ ಪೀಣ್ಯಕ್ಕೋ ವೈಟ್‌ಫೀಲ್ಡಿಗೋ ಬಂದೇ ಬರುತ್ತಾರೆ. ಬಾಡಿಗೆಯ ಕೋಣೆ ಹುಡುಕುತ್ತಾರೆ, ಗೇಟಿನಲ್ಲಿ ನಿಲ್ಲುತ್ತಾರೆ. ಅವರ ಮತವೂ ಊರಿನಲ್ಲಿರುತ್ತದೆ.

ಸುಬೇದಾರರು ಅಂದು ಫೋಟೋ ಇಲ್ಲದೆ ಹೋದರು, ಮುಖ ಸಣ್ಣದಾಗಿತ್ತು. ಎರಡು ವಾರದ ಬಳಿಕ ಭಾನುವಾರ ಮತ್ತೆ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ತಮ್ಮ ಮತ್ತು ಮನೆಯವರ ಹೆಸರಿನ ನಮೂನೆ 8ರ ಅರ್ಜಿಗಳು, ಜೊತೆಗೆ ಕಾರ್ಖಾನೆಯ ಇನ್ನೂ ಹನ್ನೊಂದು ಮಂದಿಯವು. ವಿಳಾಸದ ಕಾಲಮಿನಲ್ಲಿ ಅಡ್ಡರಸ್ತೆಯ ನಂಬರು ತಪ್ಪಿದ ಮೂರನ್ನು ಕುಳಿತು ಸರಿಪಡಿಸಿದೆವು. ಚುನಾವಣೆಗೆ ನಿಲ್ಲುವ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಹೊರಡುವಾಗ, ಮುಂದಿನ ಭಾನುವಾರ ಕಾರ್ಖಾನೆಯ ಎದುರಿನ ಚಹಾದಂಗಡಿಯ ಬಳಿ ಮೇಜು ಹಾಕಿಕೊಂಡು ಕೂರುವುದಾಗಿ ಹೇಳಿ, ಶ್ರೀಮಠದಿಂದ ಮೇಜೊಂದನ್ನು ಎರವಲು ಕೇಳಿದರು. ಕಾಯಿದೆಯನ್ನು ಮತ್ತೊಮ್ಮೆ ಓದಿ ಹೇಳುತ್ತೇನೆಂದೆ.